ಹೊರದೇಶದ ಕೆಲಸದ ಪ್ರವಾಸದಲ್ಲಿ ವಿಮಾನ ರದ್ದಾದರೆ ನಿರ್ಧಾರ ಯಾರದಾಗಿರಬೇಕು?

ಪೀಣ್ಯದ ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ನಮ್ಮದು ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಸಂಸ್ಥೆ. ಲೋಹ ಕತ್ತರಿಸುವ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುತ್ತೇವೆ. ಅವುಗಳ ಜೋಡಣೆಗೂ ಪರೀಕ್ಷೆಗೂ ನಮ್ಮ ಎಂಜಿನಿಯರುಗಳು ಆಗಾಗ ಜರ್ಮನಿಗೆ ಹೋಗಿಬರುತ್ತಾರೆ. ದೊಡ್ಡ ಕಂಪನಿಗಳಲ್ಲಿರುವಂತೆ ಹಗಲೂ ರಾತ್ರಿ ಫೋನ್ ಎತ್ತುವ ಟ್ರಾವೆಲ್ ಡೆಸ್ಕ್ ನಮ್ಮಲ್ಲಿಲ್ಲ. ಟಿಕೆಟ್, ವೀಸಾ, ವಿಮೆ, ಹೋಟೆಲ್ ಎಲ್ಲವನ್ನೂ ಲೆಕ್ಕಪತ್ರದ ಕೆಲಸದ ಜೊತೆಗೆ ನಾನೇ ನೋಡಿಕೊಳ್ಳುತ್ತೇನೆ.

ಕಳೆದ ಚಳಿಗಾಲದಲ್ಲಿ ನಮ್ಮ ಎಂಜಿನಿಯರೊಬ್ಬರು ಹಿಂತಿರುಗಬೇಕಾಗಿದ್ದ ವಿಮಾನವು ಅಲ್ಲಿನ ನಿಲ್ದಾಣದ ಸಿಬ್ಬಂದಿಯ ಮುಷ್ಕರದಿಂದಾಗಿ ರದ್ದಾಯಿತು. ಸುದ್ದಿ ಬಂದಾಗ ಅಲ್ಲಿ ರಾತ್ರಿ ಎಂಟು ಗಂಟೆ, ಇಲ್ಲಿ ಹನ್ನೆರಡೂವರೆ. ವಿಮಾನ ಕಂಪನಿಯ ಆ್ಯಪ್‌ನಲ್ಲಿ ಅವರಿಗೆ ಕಾಣಿಸಿದ್ದು ಎರಡೇ ಆಯ್ಕೆಗಳು: ಹಣ ಹಿಂದಕ್ಕೆ ಪಡೆಯುವುದು, ಇಲ್ಲವೇ ಕೆಲವು ದಿನಗಳ ನಂತರದ ವಿಮಾನವನ್ನು ಒಪ್ಪಿಕೊಳ್ಳುವುದು. ವೀಸಾದ ಅವಧಿ ಮುಗಿಯುತ್ತ ಬಂದಿತ್ತು. ಹೋಟೆಲಿಗೆ ಎಷ್ಟು ಖರ್ಚು ಮಾಡಬಹುದು, ಬೇರೆ ಟಿಕೆಟ್ ಕೊಳ್ಳಬಹುದೇ ಎಂಬುದನ್ನು ಕೇಳಲು ಅವರು ನಮ್ಮ ಕಚೇರಿ ತೆರೆಯುವವರೆಗೆ ಕಾಯ್ದರು. ಅಷ್ಟು ಹೊತ್ತಿಗೆ ಮರುದಿನದ ವಿಮಾನಗಳಲ್ಲಿ ಉಳಿದಿದ್ದ ಆಸನಗಳೆಲ್ಲ ತುಂಬಿಹೋಗಿದ್ದವು. ಅವರು ಕಾಯ್ದದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಣ ಸಂಸ್ಥೆಯದು, ಟಿಕೆಟ್ ಸಂಸ್ಥೆಯದು, ಹೀಗಿರುವಾಗ ತಾವಾಗಿಯೇ ನಿರ್ಧರಿಸುವ ಧೈರ್ಯ ಯಾರಿಗೆ ಬಂದೀತು?

ಇನ್ನು ಮುಂದೆ ಹೊರಡುವ ಪ್ರತಿಯೊಬ್ಬರ ಕೈಗೂ ಒಂದು ಪುಟದ ಬರಹವನ್ನು ಕೊಟ್ಟು ಕಳುಹಿಸಬೇಕೆಂದಿದ್ದೇನೆ. ಅದರಲ್ಲಿ ಏನಿರಬೇಕು? ಪ್ರಯಾಣ ಕೆಟ್ಟಾಗ ಮೊದಲ ಒಂದು ಗಂಟೆಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಸಂಯೋಜಕಿಯವರೇ, ಬಹಳ ಅಗತ್ಯವಾದ ಪ್ರಶ್ನೆ ಕೇಳಿದ್ದೀರಿ. ನನ್ನ ಉತ್ತರ ಟಿಕೆಟಿನಿಂದಲ್ಲ, ವೀಸಾದಿಂದ ಆರಂಭವಾಗುತ್ತದೆ, ಏಕೆಂದರೆ ಟಿಕೆಟಿನಲ್ಲಿ ಆಗುವ ನಷ್ಟವನ್ನು ಹಣದಿಂದ ತುಂಬಬಹುದು, ಆದರೆ ಪಾಸ್‌ಪೋರ್ಟಿನಲ್ಲಿ ಅವಧಿ ಮೀರಿದ ದಾಖಲೆ ಬಿದ್ದರೆ ಮುಂದಿನ ಎಷ್ಟೋ ಪ್ರವಾಸಗಳಿಗೆ ಅದು ಅಡ್ಡ ನಿಲ್ಲುತ್ತದೆ.

ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಚೀಟಿಯಲ್ಲಿ ಎರಡು ಬೇರೆ ಬೇರೆ ವಿಷಯಗಳಿರುತ್ತವೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ವೀಸಾ ಚಾಲ್ತಿಯಲ್ಲಿರುತ್ತದೆ ಎಂಬುದು ಒಂದು. ಆ ಅವಧಿಯೊಳಗೆ ಒಟ್ಟು ಎಷ್ಟು ದಿನ ತಂಗಬಹುದು ಎಂಬುದು ಇನ್ನೊಂದು. ಒಂದೇ ಪ್ರವೇಶದ, ಅಂದರೆ ಒಮ್ಮೆ ಮಾತ್ರ ಒಳಬರಬಹುದಾದ, ವೀಸಾ ಕೊಡುವಾಗ ಸಾಮಾನ್ಯವಾಗಿ ಚಾಲ್ತಿಯ ಅವಧಿಗೆ ಹದಿನೈದು ದಿನ ಹೆಚ್ಚುವರಿಯಾಗಿ ಸೇರಿಸಿರುತ್ತಾರೆ. ಆದ್ದರಿಂದ ಕೊನೆಯ ದಿನಾಂಕ ಇನ್ನೂ ದೂರವಿದೆ ಎಂದು ಅನೇಕರು ನಿಶ್ಚಿಂತರಾಗುತ್ತಾರೆ. ಆದರೆ ತಂಗುವ ದಿನಗಳ ಎಣಿಕೆಗೆ ಆ ಹೆಚ್ಚುವರಿ ಅನ್ವಯಿಸುವುದಿಲ್ಲ. ಒಳಬಂದ ದಿನವೂ ಹೊರಹೋಗುವ ದಿನವೂ ಎಣಿಕೆಗೆ ಸೇರುತ್ತವೆ. ಚೀಟಿಯಲ್ಲಿ 12 ದಿನ ಎಂದಿದ್ದರೆ ಹನ್ನೆರಡೇ ದಿನ. ಹಿಂದೆ ಅಧಿಕಾರಿ ಮುದ್ರೆಗಳನ್ನು ನೋಡಿ ಲೆಕ್ಕ ಹಾಕುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಜಾರಿಗೆ ಬಂದಿರುವ ಪ್ರವೇಶ-ನಿರ್ಗಮನ ದಾಖಲಾತಿ ವ್ಯವಸ್ಥೆಯಲ್ಲಿ ಗಣಕವೇ ಆ ಲೆಕ್ಕವನ್ನು ಮಾಡುತ್ತದೆ.

ಹಾಗೆಂದು ಗಾಬರಿಪಡಬೇಕಾಗಿಲ್ಲ. ತನ್ನ ಕೈಮೀರಿದ ಕಾರಣದಿಂದ ಹೊರಡಲಾಗದವರಿಗೆ ವೀಸಾದ ಅವಧಿಯನ್ನು ಶುಲ್ಕವಿಲ್ಲದೆ ವಿಸ್ತರಿಸಬೇಕೆಂದು ಐರೋಪ್ಯ ಒಕ್ಕೂಟದ ವೀಸಾ ಸಂಹಿತೆಯ 33ನೆಯ ವಿಧಿಯೇ ಹೇಳುತ್ತದೆ. ಅದಕ್ಕೆ ಪುರಾವೆ ಬೇಕು. ವಿಮಾನ ರದ್ದಾಗಿದೆ ಎಂಬ ಸಂದೇಶವನ್ನು ಕಾರಣಸಹಿತವಾಗಿ ಬರಹದಲ್ಲಿ ಪಡೆದುಕೊಂಡು ಆ ಊರಿನ ವಿದೇಶಿಯರ ಕಚೇರಿಗೆ ಹೋಗಬೇಕು. ರಜೆಯ ದಿನವಾಗಿದ್ದರೆ ನಿಲ್ದಾಣದಲ್ಲಿರುವ ಫೆಡರಲ್ ಪೊಲೀಸರಿಗೆ ವಿಷಯ ತಿಳಿಸಬೇಕು. ಇದನ್ನು ಅವಧಿ ಮುಗಿಯುವ ಮೊದಲೇ ಮಾಡಬೇಕು ಎಂಬುದು ಮುಖ್ಯ. ಪಾಸ್‌ಪೋರ್ಟಿಗೆ ನಿರ್ಗಮನ ದಾಖಲಾದ ಮೇಲೆ ವಿಮಾನ ರದ್ದಾದರೂ ಪೊಲೀಸರ ಬಳಿಗೇ ಮರಳಿ ಹೋಗಿ ಆ ದಾಖಲೆಯನ್ನು ರದ್ದುಮಾಡಿಸಿಕೊಳ್ಳಬೇಕು. ಒಂದೇ ಪ್ರವೇಶದ ವೀಸಾ ಇರುವವರಿಗೆ ಇದು ತೀರ ಮಹತ್ವದ್ದು.

ಇನ್ನೊಂದು ಮಾತು. ಆ್ಯಪ್‌ನಲ್ಲಿ ‘ಹಣ ಹಿಂದಕ್ಕೆ’ ಎಂಬುದನ್ನು ಒತ್ತುವ ಮೊದಲು ನಿಮ್ಮ ಎಂಜಿನಿಯರು ಫೋನನ್ನು ಕೆಳಗಿಟ್ಟು ಯೋಚಿಸಲಿ. ಹಣ ಹಿಂಪಡೆದ ಕ್ಷಣಕ್ಕೆ ಆ ಕಂಪನಿಗೂ ಪ್ರಯಾಣಿಕನಿಗೂ ಇದ್ದ ಸಂಬಂಧ ಮುಗಿಯುತ್ತದೆ. ಬೇರೆ ಮಾರ್ಗದಲ್ಲಿ ಊರು ಸೇರಿಸುವ ಹೊಣೆಯಾಗಲಿ, ಊಟ ಮತ್ತು ಹೋಟೆಲಿನ ಹೊಣೆಯಾಗಲಿ ಅದಕ್ಕೆ ಉಳಿಯುವುದಿಲ್ಲ. ಮುಷ್ಕರದ ಮರುದಿನ ಹೊಸ ಟಿಕೆಟಿನ ಬೆಲೆ ಹಿಂದೆ ಬಂದ ಹಣಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಆ ಒಂದು ಒತ್ತುವಿಕೆಯಿಂದ ಕಷ್ಟಕ್ಕೆ ಸಿಲುಕಿದವರನ್ನು ಇಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಮಿಷನಿಂಗ್ ಎಂಜಿನಿಯರ್, ಹುಬ್ಬಳ್ಳಿ

ಸ್ಟುಟ್‌ಗಾರ್ಟಿನವರು ಹೇಳಿದ್ದು ಪೂರ್ತಿ ಸರಿ. ಯಂತ್ರ ಚಾಲನೆಗಾಗಿ ಹೋಗುವವನ ದೃಷ್ಟಿಯಿಂದ ಕೆಲವನ್ನು ಸೇರಿಸುತ್ತೇನೆ.

ಸ್ಟುಟ್‌ಗಾರ್ಟಿನಿಂದ ಫ್ರಾಂಕ್‌ಫರ್ಟಿಗೆ ಒಂದು ವಿಮಾನ, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು, ಎರಡೂ ಒಂದೇ ಟಿಕೆಟಿನಲ್ಲಿ ಇವೆ ಎಂದುಕೊಳ್ಳಿ. ಮೊದಲನೆಯದು ತಡವಾಗುತ್ತದೆ. ರೈಲಿನಲ್ಲಿ ಹೋದರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಫ್ರಾಂಕ್‌ಫರ್ಟ್ ನಿಲ್ದಾಣ ಸೇರಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಂಪನಿಯ ಒಪ್ಪಿಗೆ ಇಲ್ಲದೆ ಹಾಗೆ ಹೋದರೆ ಮೊದಲ ಹಂತಕ್ಕೆ ಹಾಜರಾಗಲಿಲ್ಲವೆಂಬ ಕಾರಣಕ್ಕೆ ಮುಂದಿನ ಹಂತವೂ ಟಿಕೆಟಿನಿಂದ ತಾನಾಗಿಯೇ ಅಳಿದುಹೋಗುವ ಸಾಧ್ಯತೆ ದೊಡ್ಡದು. ಕೌಂಟರಿನಲ್ಲಿ ಹೇಳಿ, ಟಿಕೆಟಿನಲ್ಲಿಯೇ ಆ ಬದಲಾವಣೆಯನ್ನು ದಾಖಲಿಸಿಕೊಂಡು, ನಂತರ ರೈಲು ಹತ್ತಬೇಕು. ಚೆಕ್-ಇನ್ ಮಾಡಿದ ಪೆಟ್ಟಿಗೆ ಎಲ್ಲಿದೆ ಎಂಬುದನ್ನೂ ಆಗಲೇ ಕೇಳಬೇಕು.

ಫ್ರಾಂಕ್‌ಫರ್ಟಿನ ಮಟ್ಟಿಗೆ ಇನ್ನೊಂದು ತಿಳಿವಳಿಕೆ ಇರಬೇಕು. ಅಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಶಬ್ದದ ಕಾರಣದಿಂದ ವಿಮಾನ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆಯ ವಿಮಾನವೊಂದು ತಾಸು ತಾಸಿಗೂ ಮುಂದಕ್ಕೆ ಹೋಗುತ್ತ ಹತ್ತೂವರೆ ದಾಟಿತೆಂದರೆ ಅದು ಆ ರಾತ್ರಿ ಹೊರಡುವ ಸಂಭವ ಕಡಿಮೆ ಎಂದು ತಿಳಿಯಬೇಕು. ಇದನ್ನು ಅರಿತವರು ಒಂಬತ್ತು ಗಂಟೆಗೇ ಹತ್ತಿರದ ಹೋಟೆಲುಗಳಲ್ಲಿ ಉಚಿತವಾಗಿ ರದ್ದುಮಾಡಬಹುದಾದ ಕೋಣೆಯೊಂದನ್ನು ಹಿಡಿದಿಟ್ಟುಕೊಂಡಿರುತ್ತಾರೆ.

ಅಳತೆಯ ಉಪಕರಣಗಳನ್ನು ಒಯ್ಯುವವರಿಗೆ ಮತ್ತೊಂದು ತೊಡಕು ಇದೆ. ಅದರ ಬಗ್ಗೆ ಎಲ್ಲಿಯೂ ಯಾರೂ ಬರೆಯುವುದನ್ನು ನಾನು ಕಂಡಿಲ್ಲ. ಇಂಥ ಉಪಕರಣಗಳು ಸುಂಕವಿಲ್ಲದೆ ಹೋಗಿ ಬರಲು ನಾವು ಎಟಿಎ ಕಾರ್ನೆಟ್ ಎಂಬ ಕಸ್ಟಮ್ಸ್ ದಾಖಲೆ ಮಾಡಿಸಿಕೊಳ್ಳುತ್ತೇವೆ. ಭಾರತದಲ್ಲಿ ಅದನ್ನು ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟವಾದ ಫಿಕ್ಕಿ ನೀಡುತ್ತದೆ. ಐರೋಪ್ಯ ಒಕ್ಕೂಟದಿಂದ ಹೊರಬೀಳುವ ಕೊನೆಯ ಸ್ಥಳದಲ್ಲಿ ಕಸ್ಟಮ್ಸ್‌ನವರು ಆ ಕಾರ್ನೆಟ್‌ಗೆ ಮರುರಫ್ತಿನ ಮುದ್ರೆ ಹಾಕಬೇಕು. ಮೊದಲು ಫ್ರಾಂಕ್‌ಫರ್ಟಿನಿಂದ ನೇರ ಬೆಂಗಳೂರು ಎಂದಿದ್ದದ್ದು ಈಗ ಪ್ಯಾರಿಸ್ ಮೂಲಕ ಎಂದು ಬದಲಾದರೆ ಮುದ್ರೆ ಎಲ್ಲಿ ಹಾಕಿಸಬೇಕೆಂಬುದೂ ಬದಲಾಗುತ್ತದೆ. ಗಡಿಬಿಡಿಯಲ್ಲಿ ಮುದ್ರೆ ಇಲ್ಲದೆ ಬಂದುಬಿಟ್ಟರೆ ಉಪಕರಣ ಅಲ್ಲಿಯೇ ಉಳಿದಿದೆ ಎಂದು ಪರಿಗಣಿಸಿ ತಿಂಗಳುಗಳ ನಂತರ ಸುಂಕದ ಬೇಡಿಕೆ ಬರಬಹುದು. ಹೊಸ ಮಾರ್ಗವನ್ನು ಒಪ್ಪಿಕೊಳ್ಳುವ ಮೊದಲೇ ಕೌಂಟರಿನಲ್ಲಿ ‘ನನ್ನ ಬಳಿ ಕಾರ್ನೆಟ್ ಇದೆ’ ಎಂದು ಹೇಳಬೇಕು.

ಪೀಣ್ಯದ ಸಂಯೋಜಕಿ

ಕಾರ್ನೆಟ್ ವಿಷಯ ನಮಗೆ ನೇರವಾಗಿ ಅನ್ವಯಿಸುತ್ತದೆ, ತುಂಬ ಧನ್ಯವಾದಗಳು ಸರ್. ಪರಿಹಾರದ ಹಣದ ಬಗ್ಗೆಯೂ ಒಂದು ಪ್ರಶ್ನೆ ಇದೆ. ಯುರೋಪಿನಲ್ಲಿ ವಿಮಾನ ರದ್ದಾದರೆ 600 ಯೂರೊ ಸಿಗುತ್ತದೆ ಎಂದು ಕೇಳಿದ್ದೇನೆ. ಮುಷ್ಕರಕ್ಕೂ ಅದು ಸಿಗುತ್ತದೆಯೇ? ಸಿಕ್ಕರೆ ಅದು ಸಂಸ್ಥೆಗೆ ಸೇರಬೇಕೋ ಎಂಜಿನಿಯರಿಗೋ?

ಕಾನೂನಿನ ವಿದ್ಯಾರ್ಥಿ, ಮೈಸೂರು

ವಿಮಾನ ಪ್ರಯಾಣಿಕರ ಹಕ್ಕುಗಳ ಕುರಿತ ಐರೋಪ್ಯ ಒಕ್ಕೂಟದ 261/2004 ಸಂಖ್ಯೆಯ ನಿಯಮಾವಳಿ 2005ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ದೇಶವೊಂದರಿಂದ ಹೊರಡುವ ಎಲ್ಲ ವಿಮಾನಗಳಿಗೂ, ಕಂಪನಿ ಯಾವ ದೇಶದ್ದೇ ಆಗಿರಲಿ, ಅದು ಅನ್ವಯಿಸುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ವಿಮಾನ ಐರೋಪ್ಯ ಕಂಪನಿಯದಾಗಿರಬೇಕು. ಪರಿಹಾರದ ಮೊತ್ತ ದೂರವನ್ನು ಅವಲಂಬಿಸಿ 250, 400 ಅಥವಾ 600 ಯೂರೊ. ಜರ್ಮನಿಯಿಂದ ಬೆಂಗಳೂರಿಗೆ 3,500 ಕಿಲೋಮೀಟರಿಗಿಂತ ಬಹಳ ಹೆಚ್ಚು ದೂರವಿರುವುದರಿಂದ 600.

ಆದರೆ ಈ ನಿಯಮಾವಳಿಯಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ. ಅವನ್ನು ಬೆರೆಸಿಕೊಂಡರೆ ಕೌಂಟರಿನಲ್ಲಿ ಮಾತು ಸೋಲುತ್ತದೆ. ನಗದು ಪರಿಹಾರ ಒಂದು ಹಕ್ಕು. ಊಟ, ಹೋಟೆಲ್, ಹೋಟೆಲಿಗೆ ಹೋಗಿಬರುವ ವಾಹನ ಮತ್ತು ಬೇರೆ ಮಾರ್ಗದಲ್ಲಿ ಊರು ಸೇರಿಸುವುದು ಇನ್ನೊಂದು. ಕಂಪನಿಯ ಹಿಡಿತಕ್ಕೆ ಮೀರಿದ ಅಸಾಧಾರಣ ಸಂದರ್ಭವಾಗಿದ್ದರೆ ಮೊದಲನೆಯದು ಸಿಗುವುದಿಲ್ಲ, ಎರಡನೆಯದು ಸಿಗಲೇಬೇಕು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಬಹುಭಾಗದ ಆಕಾಶ ದಿನಗಟ್ಟಲೆ ಮುಚ್ಚಿ ಸುಮಾರು ಒಂದು ಲಕ್ಷ ವಿಮಾನಗಳು ರದ್ದಾದವು. ಅಷ್ಟು ದೊಡ್ಡ ವಿಪತ್ತಿನಲ್ಲಿಯೂ ಪ್ರಯಾಣಿಕರ ಊಟ ಮತ್ತು ವಸತಿಯ ಹೊಣೆ ಕಂಪನಿಯದೇ ಎಂದು ಐರೋಪ್ಯ ನ್ಯಾಯಾಲಯ 2013ರ ಜನವರಿಯಲ್ಲಿ ತೀರ್ಪು ನೀಡಿತು. ಆದ್ದರಿಂದ ‘ಮುಷ್ಕರ, ನಾವೇನೂ ಮಾಡಲಾಗದು’ ಎಂದು ಯಾರಾದರೂ ಕೈಚೆಲ್ಲಿದರೆ ಒಪ್ಪಿಕೊಳ್ಳಬೇಕಾಗಿಲ್ಲ.

ಮುಷ್ಕರ ಯಾರದೆಂಬುದನ್ನೂ ನೋಡಬೇಕು. ವಿಮಾನ ಕಂಪನಿಯ ಸ್ವಂತ ಸಿಬ್ಬಂದಿ ವೇತನಕ್ಕಾಗಿ ಮುಷ್ಕರ ಹೂಡಿದರೆ ಅದು ಅಸಾಧಾರಣ ಸಂದರ್ಭವಲ್ಲವೆಂದು ಅದೇ ನ್ಯಾಯಾಲಯ 2021ರಲ್ಲಿ ಹೇಳಿದೆ. ಅಂದರೆ ನಗದು ಪರಿಹಾರವನ್ನೂ ಕೇಳಬಹುದು. ನಿಲ್ದಾಣದ ಅಥವಾ ಭದ್ರತಾ ತಪಾಸಣೆಯ ಸಿಬ್ಬಂದಿಯ ಮುಷ್ಕರವಾದರೆ ಸಾಮಾನ್ಯವಾಗಿ ನಗದು ಸಿಗುವುದಿಲ್ಲ. 2025ರ ಮಾರ್ಚ್ 10ರಂದು ವೆರ್ಡಿ ಕಾರ್ಮಿಕ ಸಂಘ ಫ್ರಾಂಕ್‌ಫರ್ಟ್, ಮ್ಯೂನಿಕ್ ಸೇರಿದಂತೆ ಜರ್ಮನಿಯ ಪ್ರಮುಖ ನಿಲ್ದಾಣಗಳಲ್ಲಿ ಮುಷ್ಕರ ನಡೆಸಿ ಮೂರು ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದದ್ದು ಈ ಎರಡನೆಯ ಬಗೆಯದು. ನಿಮ್ಮ ಎಂಜಿನಿಯರ ಪ್ರಸಂಗವೂ ಹಾಗೆಯೇ ಕಾಣುತ್ತದೆ.

ಹಣ ಯಾರಿಗೆ ಎಂಬುದಕ್ಕೆ ಉತ್ತರ ಸ್ಪಷ್ಟವಿದೆ. ಟಿಕೆಟಿನ ಬೆಲೆ ಹಿಂದಿರುಗಿದರೆ ಅದು ಕೊಟ್ಟವರಿಗೆ, ಅಂದರೆ ಸಂಸ್ಥೆಗೆ. ಪರಿಹಾರ ಪ್ರಯಾಣಿಕನಿಗೆ, ನಿದ್ದೆಗೆಟ್ಟು ಕುಳಿತವನು ಅವನು.

ಮಾನವ ಸಂಪನ್ಮೂಲ ವಿಭಾಗದವರು, ವೈಟ್‌ಫೀಲ್ಡ್

ಕೊನೆಯ ಮಾತಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಕ್ಕು ಪ್ರಯಾಣಿಕನದೆಂಬುದು ನಿಜ. ಆದರೆ ಸಂಸ್ಥೆ ಅವನಿಗಾಗಿ ಹೆಚ್ಚುವರಿ ಹೋಟೆಲು, ಹೊಸ ಟಿಕೆಟು, ದಿನಭತ್ಯೆ ಎಲ್ಲವನ್ನೂ ಭರಿಸಿದ ಮೇಲೆ ಪರಿಹಾರದ ಹಣದಿಂದ ಅದರ ಒಂದು ಪಾಲನ್ನು ಸರಿದೂಗಿಸಿಕೊಳ್ಳುವುದು ಅನ್ಯಾಯವೆಂದು ನನಗನ್ನಿಸುವುದಿಲ್ಲ. ಏನೇ ಆಗಲಿ, ಅದು ಹೊರಡುವ ಮೊದಲೇ ಬರಹದಲ್ಲಿರಬೇಕು. ಹಣ ಬಂದ ಮೇಲೆ ನಿಯಮ ಮಾಡಿದರೆ ಮನಸ್ಸುಗಳು ಕೆಡುತ್ತವೆ.

ಕಾನೂನಿನ ವಿದ್ಯಾರ್ಥಿ, ಮೈಸೂರು

ಬರಹದಲ್ಲಿರಬೇಕು ಎಂಬುದನ್ನು ಒಪ್ಪುತ್ತೇನೆ, ಪಾಲು ಕೇಳುವುದನ್ನು ಒಪ್ಪಲಾರೆ. ಹೆಚ್ಚುವರಿ ಖರ್ಚನ್ನು ಸಂಸ್ಥೆ ವಿಮಾನ ಕಂಪನಿಯಿಂದಲೋ ವಿಮೆಯಿಂದಲೋ ರಸೀದಿ ಸಮೇತ ಕೇಳಿ ಪಡೆಯುವ ದಾರಿ ಬೇರೆಯೇ ಇದೆ. ನೌಕರನ ದಣಿವಿಗೆ ಬೆಲೆ ಕಟ್ಟಿ ಕೊಟ್ಟ ಹಣದ ಮೇಲೆ ಕೈ ಇಡುವ ಅಗತ್ಯವಿಲ್ಲ.

ದುಬೈ ನಿವಾಸಿ, ಮೂಲ ಉಡುಪಿ

ಯುರೋಪಿನ ನಿಯಮಗಳು ಎಲ್ಲ ಕಡೆ ಇಲ್ಲ ಎಂಬುದನ್ನು ನೆನಪಿಸುವುದಕ್ಕಾಗಿ ಬರೆಯುತ್ತಿದ್ದೇನೆ. 2024ರ ಏಪ್ರಿಲ್ 16ರಂದು ಇಲ್ಲಿ 75 ವರ್ಷಗಳಲ್ಲಿಯೇ ದಾಖಲಾಗದಷ್ಟು ಮಳೆ ಸುರಿಯಿತು. ರನ್‌ವೇ ನೀರಿನಡಿ ಹೋಯಿತು, ನಿಲ್ದಾಣಕ್ಕೆ ಬರುವ ರಸ್ತೆಗಳು ಮುಳುಗಿದವು. ಪೈಲಟ್‌ಗಳೂ ಪರಿಚಾರಕರೂ ನಿಲ್ದಾಣ ತಲುಪಲಾಗದೆ, ಮಳೆ ನಿಂತ ಮೇಲೂ ವಿಮಾನಗಳು ದಿನಗಟ್ಟಲೆ ಅಸ್ತವ್ಯಸ್ತವಾಗಿದ್ದವು. ಅನಗತ್ಯವಾಗಿ ದುಬೈ ಮೂಲಕ ಪ್ರಯಾಣ ಮಾಡಬೇಡಿ ಎಂದು ಭಾರತದ ರಾಯಭಾರ ಕಚೇರಿಯೇ ಸೂಚನೆ ಹೊರಡಿಸಬೇಕಾಯಿತು.

ಆ ದಿನಗಳಲ್ಲಿ ನಾನು ಕಂಡದ್ದೇನೆಂದರೆ, ಹೆಚ್ಚು ಕಷ್ಟಪಟ್ಟವರು ಇಲ್ಲಿ ವಿಮಾನ ಬದಲಿಸಲೆಂದು ಇಳಿದವರು. ವೀಸಾ ಇಲ್ಲದವರು ಹೊರಬಂದು ಪರಿಚಯದವರ ಮನೆಗೂ ಹೋಗುವಂತಿರಲಿಲ್ಲ. ಅಮೆರಿಕದ ವೀಸಾ ಇರುವ ಭಾರತೀಯರಿಗೆ ಇಲ್ಲಿ ಬಂದಿಳಿದ ಮೇಲೆ ವೀಸಾ ಪಡೆಯುವ ಅವಕಾಶವಿದೆ; ಅದು ತಿಳಿದಿದ್ದವರು ಹೊರಬಂದು ಒಂದು ರಾತ್ರಿ ಮಲಗಿದರು. ಆದ್ದರಿಂದ ನಿಮ್ಮ ಬರಹದಲ್ಲಿ ಪ್ರತಿಯೊಬ್ಬ ಎಂಜಿನಿಯರ ಪಾಸ್‌ಪೋರ್ಟಿನಲ್ಲಿ ಈಗಾಗಲೇ ಇರುವ ಬೇರೆ ದೇಶಗಳ ವೀಸಾಗಳನ್ನೂ ಗುರುತು ಹಾಕಿಕೊಳ್ಳಿ, ಮೇಡಂ. ಕೌಂಟರಿನಲ್ಲಿ ‘ಲಂಡನ್ ಮೂಲಕ ಕಳುಹಿಸುತ್ತೇವೆ’ ಎಂದಾಗ ಒಪ್ಪಬಹುದೇ ಬೇಡವೇ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಲಂಡನ್ನಿನಲ್ಲಿ ವಿಮಾನ ಬದಲಿಸಲಿಕ್ಕೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಟ್ರಾನ್ಸಿಟ್ ವೀಸಾ ಬೇಕು. ಕೌಂಟರಿನ ಸಿಬ್ಬಂದಿ ಪ್ರತಿಯೊಬ್ಬರ ಪೌರತ್ವವನ್ನು ನೋಡಿ ಮಾರ್ಗ ಸೂಚಿಸುತ್ತಾರೆಂದು ಭಾವಿಸಬಾರದು.

ಕಮಿಷನಿಂಗ್ ಎಂಜಿನಿಯರ್, ಹುಬ್ಬಳ್ಳಿ

ಪೆಟ್ಟಿಗೆ ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಯಾರೂ ಹೇಳಲಿಲ್ಲ. ಮಾರ್ಗ ಬದಲಾದಾಗ ಪೆಟ್ಟಿಗೆ ಹಿಂದೆ ಉಳಿಯುವುದು ಸಾಮಾನ್ಯ. ಬೆಂಗಳೂರಿನಲ್ಲಿ ಇಳಿದು ಪೆಟ್ಟಿಗೆ ಕಾಣದಿದ್ದರೆ ಕಸ್ಟಮ್ಸ್ ದಾಟುವ ಮೊದಲೇ ಕೌಂಟರಿನಲ್ಲಿ ದೂರು ಬರೆಸಿ ಅದರ ಸಂಖ್ಯೆ ಪಡೆಯಬೇಕು. ಭಾರತವೂ ಒಪ್ಪಿಕೊಂಡಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಹಾಳಾಗಿದ್ದರೆ ಕೈಗೆ ಬಂದ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ಕಂಪನಿಗೆ ಲಿಖಿತ ದೂರು ಕೊಡಬೇಕು. ದಿನವೂ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪ್ರವಾಸದ ಅವಧಿಗಿಂತ ಒಂದು ವಾರಕ್ಕೆ ಹೆಚ್ಚಿನದನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಲಿ. ಅವಲಕ್ಕಿ, ಚಟ್ನಿಪುಡಿ ಕೂಡ ಕೈಚೀಲದಲ್ಲಿರಲಿ. ರಾತ್ರಿ ಹತ್ತರ ಮೇಲೆ ನಿಲ್ದಾಣದಲ್ಲಿ ಸಸ್ಯಾಹಾರಿಗೆ ಸಿಗುವುದು ಬಹಳ ಕಡಿಮೆ.

ಎಂಜಿನಿಯರೊಬ್ಬರ ಪತ್ನಿ, ದಾವಣಗೆರೆ

ಇಲ್ಲಿ ನಿಯಮಗಳ ಬಗ್ಗೆ ಮಾತಾಡುತ್ತಿರುವ ಹಿರಿಯರ ನಡುವೆ ಒಂದು ಮಾತು ಹೇಳಲು ಅನುಮತಿ ಕೋರುತ್ತೇನೆ. ನಮ್ಮ ಮನೆಯವರು ಹೀಗೆ ಸಿಲುಕಿಕೊಂಡಿದ್ದಾಗ ಕಚೇರಿಯಿಂದ ನನಗೆ ಯಾರೂ ಕರೆ ಮಾಡಲಿಲ್ಲ. ಅವರ ಫೋನಿನ ಚಾರ್ಜ್ ಮುಗಿದಿತ್ತು. ವಯಸ್ಸಾದ ಅತ್ತೆಯವರಿಗೆ ಏನು ಹೇಳಬೇಕೆಂದು ತಿಳಿಯದೆ ಇಡೀ ರಾತ್ರಿ ಟಿವಿ ಸುದ್ದಿ ನೋಡುತ್ತ ಕುಳಿತೆವು. ಅವರು ಸುರಕ್ಷಿತವಾಗಿದ್ದಾರೆ, ಇಂಥ ಕಡೆ ಉಳಿದಿದ್ದಾರೆ, ನಾಳೆ ಇಷ್ಟು ಹೊತ್ತಿಗೆ ಮತ್ತೆ ತಿಳಿಸುತ್ತೇವೆ ಎಂಬ ಮೂರು ಮಾತು ಸಾಕಾಗಿತ್ತು. ಮನೆಯವರಿಗೆ ತಿಳಿಸುವ ಹೊಣೆ ಯಾರದೆಂಬುದನ್ನೂ ದಯವಿಟ್ಟು ಆ ಪುಟದಲ್ಲಿ ಬರೆಯಿರಿ.

ಪೀಣ್ಯದ ಸಂಯೋಜಕಿ

ಅಮ್ಮಾ, ನೀವು ಬರೆದದ್ದನ್ನು ಓದಿದ ಕೂಡಲೇ ನಮ್ಮ ಮಾಲೀಕರಿಗೆ ತೋರಿಸಿದೆ. ಮನೆಯವರಿಗೆ ಕರೆ ಮಾಡುವ ಹೊಣೆಯನ್ನು ನನ್ನ ಹೆಸರಿನಲ್ಲಿಯೇ ಬರೆದುಕೊಂಡಿದ್ದೇನೆ.

ಎಲ್ಲರ ಮಾತುಗಳನ್ನು ಸೇರಿಸಿ ಅಧಿಕಾರ ಪತ್ರದ ಕರಡು ಹೀಗೆ ಮಾಡಿದ್ದೇನೆ: ‘ವಿಮಾನ ರದ್ದಾದಾಗ ಅಥವಾ ಮುಂದಿನ ವಿಮಾನ ತಪ್ಪಿದಾಗ ಈ ಪತ್ರ ಹೊಂದಿರುವ ನೌಕರರು ಕಚೇರಿಯ ಅನುಮತಿಗಾಗಿ ಕಾಯದೆ ಎರಡು ರಾತ್ರಿಯ ಹೋಟೆಲ್, ಊಟ, ಸ್ಥಳೀಯ ವಾಹನ ಮತ್ತು ಸಾಮಾನ್ಯ ದರ್ಜೆಯ ಹೊಸ ಟಿಕೆಟಿಗೆ ನಿಗದಿತ ಮಿತಿಯವರೆಗೆ ಖರ್ಚು ಮಾಡಬಹುದು. ವೀಸಾದ ದಿನಗಳು ಮುಗಿಯುವ ಸಂಭವವಿದ್ದರೆ ಮಿತಿ ಅನ್ವಯಿಸುವುದಿಲ್ಲ. ತೆಗೆದುಕೊಂಡ ನಿರ್ಧಾರಕ್ಕಾಗಿ ನಂತರ ಅವರನ್ನು ಪ್ರಶ್ನಿಸುವುದಿಲ್ಲ; ರಸೀದಿ ಮಾತ್ರ ಕೇಳಲಾಗುತ್ತದೆ.’ ಪರಿಹಾರದ ಹಣ ನೌಕರರದೇ ಎಂದು ಮಾಲೀಕರು ಒಪ್ಪಿದ್ದಾರೆ. ಇದರಲ್ಲಿ ಏನಾದರೂ ಕೊರತೆ ಕಂಡರೆ ತಿಳಿಸಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಬಹಳ ಚೆನ್ನಾಗಿದೆ. ಎರಡು ತಿದ್ದುಪಡಿ ಮಾಡಿ. ‘ಹೊಸ ಟಿಕೆಟ್’ ಎಂಬಲ್ಲಿ ‘ವಿಮಾನ ಕಂಪನಿಯಿಂದ ಬೇರೆ ಮಾರ್ಗವನ್ನು ಮೊದಲು ಲಿಖಿತವಾಗಿ ಕೇಳಿ, ಅದು ಸೂಕ್ತ ಸಮಯದೊಳಗೆ ದೊರೆಯದಿದ್ದರೆ’ ಎಂದು ಸೇರಿಸಿ. ಹಾಗೆ ಕೇಳಿದ ದಾಖಲೆ ಇದ್ದರೆ ಸ್ವಂತ ಹಣದಿಂದ ಕೊಂಡ ಟಿಕೆಟಿನ ವೆಚ್ಚವನ್ನು ಆಮೇಲೆ ಆ ಕಂಪನಿಯಿಂದ ಕೇಳಲು ಆಧಾರ ಸಿಗುತ್ತದೆ.

ಪತ್ರದ ಇಂಗ್ಲಿಷ್ ಪ್ರತಿಯೊಂದೂ ಜೊತೆಗಿರಲಿ, ಅದರಲ್ಲಿ ಇಲ್ಲಿನ ಗ್ರಾಹಕ ಕಂಪನಿಯ ಒಬ್ಬರ ದೂರವಾಣಿ ಸಂಖ್ಯೆ ಇರಲಿ. ವಿದೇಶಿಯರ ಕಚೇರಿಯಲ್ಲಿ ಜರ್ಮನ್ ಭಾಷೆಯಲ್ಲಿ ಎರಡು ಮಾತು ಆಡಬಲ್ಲ ಸ್ಥಳೀಯರೊಬ್ಬರು ಫೋನಿನಲ್ಲಿ ಸಿಕ್ಕರೂ ಕೆಲಸ ಸಲೀಸಾಗುತ್ತದೆ. ನೀವು ಕಳುಹಿಸುವವರು ಈ ಕಡೆಗೆ ಬರುವುದಾದರೆ ಇಲ್ಲಿಯೇ ಸಂದೇಶ ಹಾಕಿ. ಹಗಲಾಗಲಿ ರಾತ್ರಿಯಾಗಲಿ, ಬೆಂಗಳೂರು ಮಲಗಿರುವ ಹೊತ್ತಿನಲ್ಲಿ ನಾನು ಫೋನ್ ಎತ್ತುತ್ತೇನೆ.